ಪುಣೆಯ ಆಸ್ಪತ್ರೆಗೆ ಬಾಗ್ದಾದಿನ ವಲಸಿಗನ ಹೆಸರು ಬಂದದ್ದು ಹೇಗೆ?

ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ 2024ರ ಡಿಸೆಂಬರ್‌ನಲ್ಲಿ ನೂರು ವರ್ಷ ತುಂಬಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ ಅದು ಎಂಬುದನ್ನು ಆ ದಿನಗಳಲ್ಲಿ ಎಲ್ಲರೂ ಓದಿದೆವು, ಕೇಳಿದೆವು. ಆದರೆ 1924ರ ಆರಂಭದಲ್ಲಿ ಗಾಂಧೀಜಿ ಪುಣೆಯ ಯರವಡಾ ಜೈಲಿನಲ್ಲಿದ್ದರು. 1922ರ ಮಾರ್ಚ್‌ನಲ್ಲಿ ಅವರಿಗೆ ಆರು ವರ್ಷಗಳ ಸಜೆಯಾಗಿತ್ತು. ಅದನ್ನು ಪೂರ್ತಿ ಅನುಭವಿಸಿದ್ದರೆ 1928ರವರೆಗೆ ಹೊರಗೆ ಬರುವಂತಿರಲಿಲ್ಲ. ಹಾಗಿದ್ದರೆ 1924ರ ಕೊನೆಗೆ ಅವರು ಬೆಳಗಾವಿಗೆ ಬಂದದ್ದು ಹೇಗೆ?

ಅದಕ್ಕೆ ಕಾರಣ ಅಪೆಂಡಿಸೈಟಿಸ್. 1924ರ ಜನವರಿ 12ರ ರಾತ್ರಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರು ಗಾಂಧೀಜಿಗೆ ಶಸ್ತ್ರಚಿಕಿತ್ಸೆ ಮಾಡಿದರು. ನಡುವೆ ವಿದ್ಯುತ್ ಹೋಯಿತು, ಲಾಟೀನಿನ ಬೆಳಕಿನಲ್ಲಿ ಕೆಲಸ ಮುಗಿಯಿತು. ಚೇತರಿಸಿಕೊಳ್ಳುತ್ತಿದ್ದ ಕೈದಿಯನ್ನು ಸರ್ಕಾರ ಫೆಬ್ರವರಿ 5ರಂದು ಷರತ್ತಿಲ್ಲದೆ ಬಿಡುಗಡೆ ಮಾಡಿತು. ಮುಂದೆ ಬೆಳಗಾವಿಯದು ನಮಗೆ ಗೊತ್ತಿರುವ ಕಥೆ.

ಈ ಪ್ರಸಂಗವನ್ನು ಓದಿದವರಲ್ಲಿ ಹಲವರಿಗೆ ಒಂದು ಪ್ರಶ್ನೆ ಬಂದಿರಬಹುದು. 'ಸಸೂನ್' ಎಂದರೆ ಏನು? ಅದು ಮರಾಠಿ ಪದವಲ್ಲ, ಇಂಗ್ಲಿಷ್ ಹೆಸರೂ ಅಲ್ಲ. ಅದು ಬಾಗ್ದಾದಿನ ಒಂದು ಯಹೂದಿ ಮನೆತನದ ಹೆಸರು. ಆಸ್ಪತ್ರೆಗೆ ಹಣ ಕೊಟ್ಟವರು ಡೇವಿಡ್ ಸಸೂನ್. ಪ್ರಾಣ ಉಳಿಸಿಕೊಳ್ಳಲು ಊರು ಬಿಟ್ಟು, ನಲವತ್ತರ ಆಸುಪಾಸಿನಲ್ಲಿ ಮುಂಬಯಿಗೆ ಬಂದು ನೆಲೆಸಿದವರು.

ಖಜಾನೆಯ ಮನೆತನ ಊರು ಬಿಟ್ಟದ್ದು

ಡೇವಿಡ್ ಸಸೂನ್ ಹುಟ್ಟಿದ್ದು 1792ರಲ್ಲಿ. ಬಾಗ್ದಾದ್ ಆಗ ಆಟೊಮನ್ ತುರ್ಕರ ಸಾಮ್ರಾಜ್ಯಕ್ಕೆ ಸೇರಿತ್ತು. ಆದರೆ ನಗರವನ್ನು ನಿಜವಾಗಿ ಆಳುತ್ತಿದ್ದವರು 'ಪಾಶಾ' ಎಂಬ ಬಿರುದಿನ ಪ್ರಾಂತಾಧಿಪತಿಗಳು. ಡೇವಿಡ್ ಅವರ ತಂದೆ ಆ ಪಾಶಾಗಳಿಗೆ ಮುಖ್ಯ ಖಜಾಂಚಿಯಾಗಿದ್ದರು. ತೆರಿಗೆ ಹಣ ಕೂಡಿಸುವುದು, ಸಾಲ ಒದಗಿಸುವುದು, ನಾಣ್ಯಗಳ ವಿನಿಮಯ ಎಲ್ಲವೂ ಅವರ ಕೈಯಲ್ಲಿತ್ತು. ಅದರ ಜೊತೆಗೆ ನಗರದ ಯಹೂದಿ ಸಮುದಾಯಕ್ಕೂ ಅವರೇ ಮುಖ್ಯಸ್ಥರು. ಹಳ್ಳಿಯ ಶಾನುಭೋಗಿಕೆ ಮತ್ತು ಯಜಮಾನಿಕೆ ಎರಡೂ ಒಂದೇ ಮನೆಯಲ್ಲಿದ್ದರೆ ಹೇಗಿರುತ್ತದೆಂದು ಊಹಿಸಿಕೊಳ್ಳಿ, ಒಂದು ರಾಜಧಾನಿಯ ಗಾತ್ರದಲ್ಲಿ.

ಇಂಥ ಸ್ಥಾನದಲ್ಲಿ ಒಂದು ಅಪಾಯವೂ ಇದೆ. ಅರಸನಿಗೆ ಹಣ ಬೇಕಾದಾಗ ಮೊದಲು ಹಿಡಿಯುವುದು ಖಜಾಂಚಿಯ ಕತ್ತನ್ನೇ. ದಾವೂದ್ ಪಾಶಾನ ಕಾಲದಲ್ಲಿ ಆದದ್ದು ಅದೇ. ಶ್ರೀಮಂತ ಯಹೂದಿಗಳ ಮೇಲೆ ಒತ್ತಡ, ಸೆರೆ, ಸುಲಿಗೆ ಹೆಚ್ಚಿದವು. ಡೇವಿಡ್ ಕೂಡ ಬಂಧನಕ್ಕೊಳಗಾದರು. ಹಣ ತೆತ್ತು ಬಿಡಿಸಿಕೊಂಡ ಮೇಲೆ ಅವರು ಬಸ್ರಾಕ್ಕೆ, ಅಲ್ಲಿಂದ ಪರ್ಷಿಯನ್ ಕೊಲ್ಲಿಯ ಆಚೆ ದಡದ ಬುಶೇಹ್ರ್ ಬಂದರಿಗೆ ಓಡಿದರು. ಹಿಂದೆಯೇ ಬಂದ ವೃದ್ಧ ತಂದೆ 1830ರಲ್ಲಿ ಅಲ್ಲಿಯೇ ತೀರಿಕೊಂಡರು. ಬುಶೇಹ್ರ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿ ಕಚೇರಿಯಿತ್ತು, ಮುಂಬಯಿಗೆ ಹೋಗಿಬರುವ ಹಡಗುಗಳಿದ್ದವು. 1830ರ ದಶಕದ ಆರಂಭದಲ್ಲಿ ಡೇವಿಡ್ ಸಂಸಾರ ಸಮೇತ ಮುಂಬಯಿಗೆ ಬಂದಿಳಿದರು.

ಭಾರತದ ಯಹೂದಿಗಳೆಲ್ಲ ಒಂದೇ ಅಲ್ಲ

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಭಾರತದಲ್ಲಿ ಯಹೂದಿಗಳು ಸಸೂನರಿಗಿಂತ ಶತಮಾನಗಳ ಹಿಂದಿನಿಂದಲೂ ಇದ್ದರು. ಕೊಚ್ಚಿಯ ಯಹೂದಿಗಳು ಮಲಯಾಳಿಗಳ ನಡುವೆ ಬೆಳೆದವರು. ಕೊಂಕಣ ತೀರದ ಬೆನೆ ಇಸ್ರೇಲಿಗಳು ಮರಾಠಿ ಮಾತನಾಡುವವರು, ಹಳ್ಳಿಗಳಲ್ಲಿ ಗಾಣ ಹಾಕಿ ಎಣ್ಣೆ ತೆಗೆಯುತ್ತಿದ್ದವರು. ಯಹೂದಿ ಧರ್ಮದಲ್ಲಿ ಶನಿವಾರ ವಿಶ್ರಾಂತಿಯ ದಿನ, ಅಂದು ಗಾಣ ನಿಲ್ಲುತ್ತಿತ್ತು. ಹಾಗಾಗಿ ಸುತ್ತಲಿನವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು.

ಸಸೂನರು ಸೇರಿದ್ದು ಮೂರನೆಯ ಗುಂಪಿಗೆ. ಬಾಗ್ದಾದ್, ಬಸ್ರಾ, ಅಲೆಪ್ಪೊಗಳಿಂದ ವ್ಯಾಪಾರಕ್ಕೆಂದು ಬಂದ ಇವರನ್ನು ಒಟ್ಟಾಗಿ ಬಾಗ್ದಾದಿ ಯಹೂದಿಗಳು ಎನ್ನುತ್ತಾರೆ. ಮನೆಯಲ್ಲಿ ಆಡುತ್ತಿದ್ದುದು ಅರಬ್ಬಿ, ಆದರೆ ಬರೆಯುತ್ತಿದ್ದುದು ಹೀಬ್ರೂ ಲಿಪಿಯಲ್ಲಿ. ನಮ್ಮ ಕರಾವಳಿಯಲ್ಲಿ ಬ್ಯಾರಿಯನ್ನೂ ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲಿ ಬರೆಯುವುದಿಲ್ಲವೇ, ಹಾಗೆ. ಇದರಿಂದ ವ್ಯಾಪಾರಕ್ಕೆ ಒಂದು ಅನುಕೂಲವೂ ಆಯಿತು. ಪತ್ರ ದಾರಿಯಲ್ಲಿ ಬೇರೆಯವರ ಕೈಗೆ ಸಿಕ್ಕರೂ ಅರಬ್ಬಿ ಬಲ್ಲವರಿಗೆ ಲಿಪಿ ತಿಳಿಯುತ್ತಿರಲಿಲ್ಲ, ಲಿಪಿ ಬಲ್ಲ ಯುರೋಪಿನವರಿಗೆ ಭಾಷೆ ತಿಳಿಯುತ್ತಿರಲಿಲ್ಲ.

ಬಾಗ್ದಾದಿಗಳು ಬೆನೆ ಇಸ್ರೇಲಿಗಳನ್ನು ತಮಗೆ ಸಮಾನರೆಂದು ಸುಲಭವಾಗಿ ಒಪ್ಪಲಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಮದುವೆ, ಪ್ರಾರ್ಥನೆ, ಸ್ಮಶಾನ ಎಲ್ಲದರಲ್ಲೂ ಅಂತರ ಕಾಯ್ದುಕೊಂಡರು. ತಮ್ಮೂರಿನಲ್ಲಿ ಕಿರುಕುಳ ತಾಳಲಾರದೆ ಬಂದವರು ಹೊಸ ಊರಿನಲ್ಲಿ ಇನ್ನೊಬ್ಬರನ್ನು ದೂರ ಇಟ್ಟರೆಂಬುದು ನೋವಿನ ಸಂಗತಿ.

ಮುಂಬಯಿಯಲ್ಲಿ ಬೇರು ಬಿಟ್ಟ ಬಗೆ

ಡೇವಿಡ್ ಸಸೂನ್ ಬಂದ ಕಾಲ ಅವರಿಗೆ ಒದಗಿಬಂತು. ಭಾರತದ ವ್ಯಾಪಾರದ ಮೇಲೆ ಈಸ್ಟ್ ಇಂಡಿಯಾ ಕಂಪನಿಗಿದ್ದ ಏಕಸ್ವಾಮ್ಯ 1813ರಲ್ಲಿ, ಚೀನಾ ವ್ಯಾಪಾರದ ಮೇಲಿದ್ದ ಏಕಸ್ವಾಮ್ಯ 1833ರಲ್ಲಿ ಕೊನೆಗೊಂಡಿತ್ತು. ಏಕಸ್ವಾಮ್ಯ ಎಂದರೆ ಇಡೀ ಸಂತೆಯಲ್ಲಿ ಒಂದೇ ಅಂಗಡಿ ತೆರೆಯಲು ಅಪ್ಪಣೆ ಇರುವುದು. ಆ ಕಟ್ಟು ಸಡಿಲವಾದಾಗ ಪಾರ್ಸಿಗಳು, ಗುಜರಾತಿ ಬನಿಯಾಗಳು, ಬೊಹ್ರಾಗಳು, ಬಾಗ್ದಾದಿಗಳು ಎಲ್ಲರಿಗೂ ಜಾಗವಾಯಿತು.

ಸಸೂನರು ಮೊದಲು ಮಾಡಿದ್ದು ದಲ್ಲಾಳಿ ಕೆಲಸ. ಇಂಗ್ಲೆಂಡಿನ ಬಟ್ಟೆಯನ್ನು ಕೊಲ್ಲಿಯ ಬಂದರುಗಳಿಗೆ ಕಳಿಸುವುದು, ಅಲ್ಲಿಯ ಸರಕನ್ನು ಇತ್ತ ತರುವುದು. ಇಂಗ್ಲಿಷ್ ಬಾರದು, ಆದರೆ ಕೊಲ್ಲಿಯ ವ್ಯಾಪಾರಿಗಳ ಭಾಷೆ, ರಿವಾಜು, ಯಾರ ಮಾತು ನಂಬಬಹುದು ಎಂಬ ತಿಳಿವಳಿಕೆ ಇತ್ತು. 1853ರಲ್ಲಿ ಬ್ರಿಟಿಷ್ ಪ್ರಜೆಯಾದಾಗಲೂ ಅವರು ಸಹಿ ಹಾಕಿದ್ದು ಹೀಬ್ರೂವಿನಲ್ಲಿ.

ಅವರ ದೊಡ್ಡ ಆಸ್ತಿ ಎಂಟು ಗಂಡುಮಕ್ಕಳು. ತಂತಿ, ದೂರವಾಣಿ ಇಲ್ಲದ ಕಾಲದಲ್ಲಿ ದೂರದೂರಿನ ಅಂಗಡಿಯನ್ನು ನಂಬಿ ಯಾರ ಕೈಗೆ ಕೊಡುವುದು? ಮಗನ ಕೈಗೆ. ಎಲಿಯಾಸ್ 1844ರಲ್ಲಿ ಚೀನಾಕ್ಕೆ ಹೋದರು, ಮುಂದೆ ಶಾಂಘೈಯಲ್ಲಿ ಶಾಖೆ ತೆರೆಯಿತು, 1858ರಲ್ಲಿ ಇನ್ನೊಬ್ಬ ಮಗ ಲಂಡನ್ ಸೇರಿದರು. ಮಕ್ಕಳ ನಂತರದ ಸ್ಥಾನ ಬಾಗ್ದಾದಿನಿಂದ ಕರೆಸಿದ ಗುಮಾಸ್ತರದು. ಅವರಿಗೆ ಕೆಲಸ, ಮಕ್ಕಳಿಗೆ ಶಾಲೆ, ಪ್ರಾರ್ಥನೆಗೆ ಮಂದಿರ, ಕಾಯಿಲೆಯಾದರೆ ಆರೈಕೆ, ಸತ್ತರೆ ಸ್ಮಶಾನ, ಎಲ್ಲದರ ಹೊಣೆಯನ್ನೂ ಸಸೂನ್ ಮನೆತನ ಹೊತ್ತಿತು.

ಇದು ಕನ್ನಡಿಗರಿಗೆ ಅಪರಿಚಿತ ಪದ್ಧತಿಯೇನಲ್ಲ. ಉಡುಪಿ, ಕುಂದಾಪುರಗಳಿಂದ ಮುಂಬಯಿಗೆ ಹೋಗಿ ಹೋಟೆಲು ತೆರೆದವರು ತಮ್ಮೂರಿನ ಹುಡುಗರನ್ನು ಕರೆಸಿಕೊಂಡು ಊಟ, ವಸತಿ ಕೊಟ್ಟರು. ಆ ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳು ನಡೆದವು. ವಲಸೆ ಹೋದ ಸಮುದಾಯ ನಿಲ್ಲುವುದೇ ಹೀಗೆ, ಮೊದಲು ಹೋದವನ ಹೆಗಲ ಮೇಲೆ.

ಹತ್ತಿ, ಮತ್ತು ಮರೆಯಬಾರದ ಅಫೀಮು

ಸಸೂನರ ಸಂಪತ್ತಿನ ಎರಡು ದೊಡ್ಡ ಮೂಲಗಳನ್ನು ಅರಿಯದೆ ಅವರ ದಾನವನ್ನು ಅರಿಯಲಾಗದು.

ಮೊದಲನೆಯದು ಹತ್ತಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತಿತು, ಎಲ್ಲರ ಕಣ್ಣು ಮುಂಬಯಿ ಬಂದರಿನತ್ತ ತಿರುಗಿತು. ಧಾರವಾಡ ಸೀಮೆಗೆ ಈ ಕಥೆಯಲ್ಲಿ ನೇರ ಪಾಲಿದೆ. 1840ರ ದಶಕದಿಂದಲೇ ಅಲ್ಲಿ ಅಮೆರಿಕದ ಬೀಜ ಬಿತ್ತಿ ಬೆಳೆದಿದ್ದ 'ಧಾರವಾಡ ಅಮೆರಿಕನ್' ಹತ್ತಿ ಲ್ಯಾಂಕಾಶೈರಿನ ಗಿರಣಿಗಳಿಗೆ ಪರಿಚಿತ ಹೆಸರಾಗಿತ್ತು. ಯುದ್ಧದ ವರ್ಷಗಳಲ್ಲಿ ಹತ್ತಿಯ ದರ ಆಕಾಶಕ್ಕೇರಿತು. 1865ರಲ್ಲಿ ಯುದ್ಧ ನಿಂತೊಡನೆ ಕುಸಿದು, ಮುಂಬಯಿಯ ಎಷ್ಟೋ ಬ್ಯಾಂಕುಗಳು, ವ್ಯಾಪಾರಿಗಳು ಮುಳುಗಿದರು. ಸಸೂನರ ಕಂಪನಿ ಉಳಿಯಿತು.

ಎರಡನೆಯದು ಅಫೀಮು. ಮಧ್ಯ ಭಾರತದ ಮಾಳವ ಪ್ರಾಂತ್ಯದ ದೇಶೀ ಸಂಸ್ಥಾನಗಳಲ್ಲಿ ಬೆಳೆದ ಅಫೀಮು ಬ್ರಿಟಿಷರಿಗೆ ಸುಂಕ ಕಟ್ಟಿ ಮುಂಬಯಿಯಿಂದ ಚೀನಾಕ್ಕೆ ಹೋಗುತ್ತಿತ್ತು. ಸಸೂನರ ಕಂಪನಿ ಬೆಳೆಗೂ ಮುನ್ನವೇ ಮುಂಗಡ ಹಣ ಕೊಟ್ಟು ಮಾಲನ್ನು ಮೂಲದಲ್ಲೇ ಹಿಡಿಯಿತು. 1870ರ ದಶಕದ ಹೊತ್ತಿಗೆ ಈ ವ್ಯಾಪಾರದಲ್ಲಿ ಜಾರ್ಡೀನ್ ಮ್ಯಾಥೆಸನ್‌ನಂಥ ದೊಡ್ಡ ಬ್ರಿಟಿಷ್ ಸಂಸ್ಥೆಯನ್ನೂ ಹಿಂದಿಕ್ಕಿತು. ಬ್ರಿಟಿಷ್ ಆಡಳಿತದಲ್ಲಿ ಇದು ಕಾನೂನುಬದ್ಧವಾಗಿತ್ತು. ಚೀನಾದ ಸರ್ಕಾರ ತಡೆಯಲು ಯತ್ನಿಸಿದಾಗ ಬ್ರಿಟನ್ ಎರಡು ಬಾರಿ ಯುದ್ಧ ಮಾಡಿ ಆ ದೇಶದ ಬಾಗಿಲು ತೆರೆಸಿತು. ಪಾರ್ಸಿ ದಾನಿ ಜಮ್‌ಶೇಟ್‌ಜಿ ಜೀಜೀಭಾಯಿ ಸೇರಿದಂತೆ ಆ ಕಾಲದ ಮುಂಬಯಿಯ ಅನೇಕ ಸಿರಿವಂತರ ಹಣದಲ್ಲಿ ಅಫೀಮಿನ ಪಾಲಿದೆ. ಆದರೆ 'ಎಲ್ಲರೂ ಮಾಡಿದರು' ಎನ್ನುವುದು ಲೆಕ್ಕ ಚುಕ್ತಾ ಮಾಡುವುದಿಲ್ಲ. ಚೀನಾದ ಮನೆಮನೆಗಳಲ್ಲಿ ಆದ ಹಾನಿ ಒಂದು ಕಡೆ, ಪುಣೆಯಲ್ಲಿ ರೋಗಿಗೆ ಸಿಕ್ಕ ಹಾಸಿಗೆ ಇನ್ನೊಂದು ಕಡೆ. ಒಂದರಿಂದ ಇನ್ನೊಂದನ್ನು ಕಳೆಯಲು ಬರುವುದಿಲ್ಲ, ಎರಡನ್ನೂ ಬರೆದಿಡಬೇಕು.

'ತ್ಸೆದಾಕಾ': ದಾನವಲ್ಲ, ನ್ಯಾಯ

ಡೇವಿಡ್ ಸಸೂನ್ ಕಟ್ಟಾ ಧರ್ಮನಿಷ್ಠರು. ಶನಿವಾರ ವ್ಯಾಪಾರ ಬಂದ್. ಅಂಥವರಿಗೆ ಕೊಡುವುದು ಎಂದರೇನು ಎಂಬುದು ತಿಳಿಯಬೇಕಾದರೆ 'ತ್ಸೆದಾಕಾ' ಎಂಬ ಹೀಬ್ರೂ ಪದವನ್ನು ಅರಿಯಬೇಕು.

ಇದನ್ನು ಸಾಮಾನ್ಯವಾಗಿ ದಾನ ಎಂದು ಅನುವಾದಿಸುತ್ತಾರೆ. ಆದರೆ ಪದದ ಬೇರು 'ನ್ಯಾಯ' ಎಂಬುದರಲ್ಲಿದೆ. ಬಡವನಿಗೆ ಕೊಡುವುದು ಕೊಡುವವನ ದೊಡ್ಡತನವಲ್ಲ, ಅವನಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು ಎಂಬ ಭಾವ. ಗಳಿಕೆಯ ಹತ್ತನೆಯ ಒಂದು ಪಾಲನ್ನು ತೆಗೆದಿಡುವುದು ಹಳೆಯ ರೂಢಿ. ದಾಸೋಹದ ಕಲ್ಪನೆ ಗೊತ್ತಿರುವ ನಮಗೆ ಇದು ಬೇಗ ಹತ್ತಿರವಾಗುತ್ತದೆ. ಅಲ್ಲಿಯೂ ಕೊಡುವವನು ಒಡೆಯನಲ್ಲ, ಸಲ್ಲಿಸುವವನು ಮಾತ್ರ.

ಬಸವಣ್ಣನವರು ಕಲ್ಯಾಣದಲ್ಲಿದ್ದ ಹನ್ನೆರಡನೆಯ ಶತಮಾನದಲ್ಲಿಯೇ ಈಜಿಪ್ಟಿನಲ್ಲಿ ಮೈಮೊನಿಡಿಸ್ ಎಂಬ ಯಹೂದಿ ವೈದ್ಯ-ತತ್ತ್ವಜ್ಞಾನಿ ಇದ್ದರು. ಅವರೂ ಸ್ಪೇನಿನಿಂದ ಕಿರುಕುಳಕ್ಕೆ ಅಂಜಿ ಬಂದ ವಲಸಿಗರೇ. ಕೊಡುವುದರಲ್ಲಿ ಎಂಟು ಮೆಟ್ಟಿಲುಗಳಿವೆ ಎಂದರು ಅವರು. ತೀರ ಕೆಳಗಿನದು ಮನಸ್ಸಿಲ್ಲದೆ ಕೊಡುವುದು. ಕೇಳಿದ ಮೇಲೆ ಕೊಡುವುದಕ್ಕಿಂತ ಕೇಳುವ ಮುನ್ನ ಕೊಡುವುದು ಮೇಲು. ಕೊಟ್ಟವನಿಗೆ ಪಡೆದವನಾರೆಂದು, ಪಡೆದವನಿಗೆ ಕೊಟ್ಟವನಾರೆಂದು ತಿಳಿಯದಿರುವುದು ಇನ್ನೂ ಮೇಲು. ಎಲ್ಲಕ್ಕೂ ಮೇಲಿನದು, ಕೆಲಸವನ್ನೋ ಸಾಲವನ್ನೋ ವ್ಯಾಪಾರದಲ್ಲಿ ಪಾಲನ್ನೋ ಕೊಟ್ಟು ಆತ ಮುಂದೆಂದೂ ಕೈಚಾಚದಂತೆ ಮಾಡುವುದು.

ಈ ಅಳತೆಯಿಂದ ನೋಡಿದರೆ ಕಟ್ಟಡದ ಮೇಲೆ ಹೆಸರು ಕೆತ್ತಿಸಿಕೊಳ್ಳುವ ದಾನ ಅಷ್ಟೇನೂ ಎತ್ತರದ ಮೆಟ್ಟಿಲಲ್ಲ. ಬಾಗ್ದಾದಿನ ಬಡ ಹುಡುಗನನ್ನು ಕರೆಸಿ ಗುಮಾಸ್ತನನ್ನಾಗಿ ಮಾಡಿದ್ದು, ಯಾವ ಫಲಕದಲ್ಲೂ ಇಲ್ಲದ ಆ ಕೆಲಸ, ಮೇಲಿನ ಮೆಟ್ಟಿಲು.

ಯಾರಿಗೆ, ಯಾವುದಕ್ಕೆ

ಆಗ ಮುಂಬಯಿಯ ಬೀದಿಯಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದ ಹತ್ತು ವರ್ಷದ ಹುಡುಗ ದೊಡ್ಡವರ ಜೊತೆ ಜೈಲಿಗೆ ಹೋಗುತ್ತಿದ್ದ. ಹೊರಬರುವಾಗ ಪಳಗಿದ ಕಳ್ಳನಾಗಿರುತ್ತಿದ್ದ. ಅವನಿಗೆ ಜೈಲಿನ ಬದಲು ಬಡಗಿಯ ಕೆಲಸವೋ ಇನ್ನಾವುದೋ ಕಸುಬು ಕಲಿಸಬೇಕು ಎಂಬುದು ಆ ಕಾಲಕ್ಕೆ ಹೊಸ ವಿಚಾರ. ಡೇವಿಡ್ ಸಸೂನ್ 1857ರಲ್ಲಿ ಇದರ ಬೆನ್ನಿಗೆ ನಿಂತು ಬಾಲಾಪರಾಧಿಗಳ ಸುಧಾರಣಾ ಶಾಲೆಗೆ ಹಣ ಒದಗಿಸಿದರು. ಅವರ ಕೊಡುಗೆಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು. ಆ ಹುಡುಗರು ಅವರ ಧರ್ಮದವರಲ್ಲ, ಭಾಷೆಯವರಲ್ಲ. ಅವರಿಂದ ಹೊಗಳಿಕೆಯೂ ಸಿಗುವಂತಿರಲಿಲ್ಲ. ಡೇವಿಡ್ ಸಸೂನರ ಹೆಸರಿನ ಆ ಸಂಸ್ಥೆ ಇಂದಿಗೂ ಮಾಹಿಮ್‌ನಲ್ಲಿ ಇದೆ.

ತಮ್ಮವರಿಗಾಗಿ ಬೈಕುಲಾದಲ್ಲಿ ಮಾಗೆನ್ ಡೇವಿಡ್ ಸಿನಗಾಗ್ ಕಟ್ಟಿಸಿದರು. ಸಿನಗಾಗ್ ಎಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಪ್ರಾರ್ಥನೆಯ ಜೊತೆ ಪಾಠ, ಪಂಚಾಯಿತಿ, ಮದುವೆ ಮಾತುಕತೆ ಎಲ್ಲವೂ ಅಲ್ಲೇ ನಡೆಯುತ್ತವೆ. ಬೈಕುಲಾ ಆಗ ನಗರದ ಹೊರವಲಯ, ಸಸೂನರ ಮನೆಯೂ ಅಲ್ಲೇ ಇತ್ತು. ಆ ಮನೆ ಈಗ ಮಸೀನಾ ಆಸ್ಪತ್ರೆ.

ಪುಣೆ ಹೇಗೆ ಬಂತು? ಮುಂಬಯಿ ಸರ್ಕಾರ ಮಳೆಗಾಲವನ್ನು ಪುಣೆಯಲ್ಲಿ ಕಳೆಯುತ್ತಿತ್ತು. ಗವರ್ನರ್ ಹೋದಲ್ಲಿಗೆ ಅಧಿಕಾರಿಗಳು, ಅವರ ಹಿಂದೆ ದೊಡ್ಡ ವ್ಯಾಪಾರಿಗಳು. ಡೇವಿಡ್ ಸಸೂನ್ ಕೂಡ ಅಲ್ಲೊಂದು ಮನೆ ಮಾಡಿದರು. ಸುತ್ತಲಿನ ಬಡವರಿಗೆ ಸರಿಯಾದ ಆಸ್ಪತ್ರೆ ಇರಲಿಲ್ಲ. ಅದಕ್ಕೆ ಅವರು ಹಣ ಕೊಟ್ಟರು, ಸರ್ಕಾರ ಕೈಜೋಡಿಸಿತು. ಆ ಕಾಲದ ದಾನಗಳು ನಡೆಯುತ್ತಿದ್ದುದೇ ಹೀಗೆ. ದಾನಿ ದೊಡ್ಡ ಮೊತ್ತ ಕೊಡುತ್ತಾನೆ, ಸರ್ಕಾರ ಉಳಿದದ್ದನ್ನು ಸೇರಿಸಿ ನಡೆಸುವ ಹೊಣೆ ಹೊರುತ್ತದೆ, ಹೆಸರು ದಾನಿಯದು. ಊರಿನವರು ಕೊಠಡಿ ಕಟ್ಟಿಸಿಕೊಟ್ಟು ಶಿಕ್ಷಕರನ್ನು ಸರ್ಕಾರ ಕೊಡುವ ನಮ್ಮ ಶಾಲೆಗಳ ಹಾಗೆ. ಕೊಟ್ಟವರ ಮನೆತನ ಹೋದರೂ ಸಂಸ್ಥೆ ಉಳಿಯಲು ಈ ಏರ್ಪಾಡೇ ಕಾರಣ.

ಆಸ್ಪತ್ರೆಯ ಜೊತೆಜೊತೆಗೇ ಪುಣೆಯಲ್ಲಿ ಓಹೆಲ್ ಡೇವಿಡ್ ಸಿನಗಾಗ್ ಮೇಲೇಳುತ್ತಿತ್ತು. ಕೆಂಪು ಇಟ್ಟಿಗೆಯ, ಎತ್ತರದ ಗೋಪುರದ ಆ ಕಟ್ಟಡವನ್ನು ಪುಣೆಯವರು 'ಲಾಲ್ ದೇವಳ' ಎನ್ನುತ್ತಾರೆ. ಎರಡೂ ಕಟ್ಟಡಗಳು 1867ರಲ್ಲಿ ಸಿದ್ಧವಾದವು. ಡೇವಿಡ್ ಸಸೂನ್ ಅವೆರಡನ್ನೂ ನೋಡಲಿಲ್ಲ. 1864ರ ನವೆಂಬರ್ 7ರಂದು ಪುಣೆಯಲ್ಲೇ ತೀರಿಕೊಂಡಿದ್ದರು.

ಕೊಟ್ಟದ್ದಕ್ಕೆ ಕಾರಣಗಳು

ಧರ್ಮ ಒಂದು ಕಾರಣ ಎಂಬುದನ್ನು ನೋಡಿದೆವು. ಎರಡನೆಯದು ಪತ್ತು, ಎಂದರೆ ಊರು ಇಡುವ ನಂಬಿಕೆ. ವಲಸಿಗನಿಗೆ ಹೊಸ ಊರಿನಲ್ಲಿ ಅಜ್ಜನ ಹೆಸರಿಲ್ಲ, ಜಮೀನಿಲ್ಲ, ಸಾಕ್ಷಿ ಹೇಳುವ ನೆರೆಯವನಿಲ್ಲ. ಆಸ್ಪತ್ರೆ ಕಟ್ಟಿಸಿದವನು ನಾಳೆ ಅಂಗಡಿ ಮುಚ್ಚಿ ಓಡಿಹೋಗುವವನಲ್ಲ ಎಂದು ಊರು ನಂಬುತ್ತದೆ.

ಮೂರನೆಯದು ಆಳುವವರ ಜೊತೆಗಿನ ಸಂಬಂಧ. ಸೆರೆಮನೆ ಕಂಡು ಬಂದ ಡೇವಿಡ್ ಸಸೂನರಿಗೆ ಬ್ರಿಟಿಷ್ ಆಡಳಿತವೇ ರಕ್ಷಣೆಯಾಗಿ ಕಂಡಿತು. 1857ರ ದಂಗೆಯ ಹೊತ್ತಿನಲ್ಲಿ ಅವರು ಬಹಿರಂಗವಾಗಿ ಬ್ರಿಟಿಷರ ಪರ ನಿಂತರು. ಬೈಕುಲಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದಲ್ಲಿ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್‌ನ ಪ್ರತಿಮೆಯಿದೆ, ಸಸೂನರ ಕೊಡುಗೆ. ಅದರ ಮೇಲೆ ಹೀಬ್ರೂ ಅಕ್ಷರಗಳಿವೆ. ರಾಜನಿಷ್ಠೆಯನ್ನು ಹೇಳುವಾಗಲೂ ಅವರು ತಮ್ಮ ಲಿಪಿಯನ್ನು ಬಿಡಲಿಲ್ಲ.

ಮಕ್ಕಳು, ಮೊಮ್ಮಕ್ಕಳು

ಹಿರಿಯ ಮಗ ಅಬ್ದುಲ್ಲಾ ಮುಂದೆ ಆಲ್ಬರ್ಟ್ ಎಂದು ಹೆಸರು ಬದಲಿಸಿಕೊಂಡರು. ಅವರ ಕಾಲದಲ್ಲಿ, 1875ರಲ್ಲಿ, ಕೊಲಾಬಾದಲ್ಲಿ ಸಸೂನ್ ಡಾಕ್ ತೆರೆಯಿತು. ಅದು ಉಬ್ಬರ ಇಳಿತಗಳ ಹಂಗಿಲ್ಲದೆ ಹಡಗು ನಿಲ್ಲಿಸಬಹುದಾದ, ಗೇಟು ಹಾಕಿದ ಹಡಗುಕಟ್ಟೆ. ತಂದೆಯ ಹೆಸರಿನ ಗ್ರಂಥಾಲಯದ ಕಟ್ಟಡ 1870ರಲ್ಲಿ ಮುಗಿಯಿತು. ಅದರ ಎದುರಿನ ಪ್ರದೇಶಕ್ಕೆ 'ಕಾಲಾ ಘೋಡಾ' ಎಂದು ಹೆಸರು ಬರಲು ಕಾರಣವೂ ಆಲ್ಬರ್ಟ್ ಸಸೂನ್. ವೇಲ್ಸ್ ರಾಜಕುಮಾರ ಕುದುರೆಯೇರಿ ಕುಳಿತ ಕಪ್ಪು ಪ್ರತಿಮೆಯನ್ನು ಕೊಟ್ಟವರು ಅವರು. ಪ್ರತಿಮೆಯನ್ನು 1965ರಲ್ಲಿ ಬೈಕುಲಾದ ಪ್ರಾಣಿಸಂಗ್ರಹಾಲಯಕ್ಕೆ ಸಾಗಿಸಿದರು, ಹೆಸರು ಅಲ್ಲೇ ಉಳಿಯಿತು.

ಎಲಿಯಾಸ್ 1867ರಲ್ಲಿ ಅಣ್ಣನಿಂದ ಬೇರೆಯಾಗಿ ಸ್ವಂತ ಕಂಪನಿ ಕಟ್ಟಿದರು. ಅವರ ಮಗ ಜೇಕಬ್ ಫೋರ್ಟ್ ಪ್ರದೇಶದಲ್ಲಿ 1884ರಲ್ಲಿ ತೆರೆದ, ನೀಲಿ ಬಣ್ಣಕ್ಕೆ ಹೆಸರಾದ ಕೆನೆಸೆತ್ ಎಲಿಯಾಹೂ ಸಿನಗಾಗ್ ಕಟ್ಟಿಸಿದರು. ಆಲ್ಬರ್ಟ್ ಇಂಗ್ಲೆಂಡಿಗೆ ಹೋಗಿ ನೆಲೆಸಿದರು. ಮನೆತನದ ಕೇಂದ್ರ ಮೆಲ್ಲಗೆ ಅತ್ತ ಸರಿಯಿತು. ಮೊದಲ ಮಹಾಯುದ್ಧದ ಭೀಕರತೆಯನ್ನು ಕಾವ್ಯವಾಗಿಸಿದ ಇಂಗ್ಲಿಷ್ ಕವಿ ಸೀಗ್‌ಫ್ರಿಡ್ ಸಸೂನ್ ಡೇವಿಡ್ ಅವರ ಮರಿಮಗ.

ಈಗ ಅಲ್ಲಿ

1940ರ ದಶಕದ ಕೊನೆಯಿಂದ ಬಾಗ್ದಾದಿ ಯಹೂದಿಗಳು ಇಸ್ರೇಲ್, ಬ್ರಿಟನ್, ಆಸ್ಟ್ರೇಲಿಯಾಗಳಿಗೆ ಹೊರಟುಹೋದರು. ಬೈಕುಲಾದ ಸಿನಗಾಗಿನ ಸುತ್ತ ಈಗ ಹೆಚ್ಚಾಗಿ ಮುಸ್ಲಿಂ ಕುಟುಂಬಗಳಿವೆ. ಸಸೂನ್ ಡಾಕ್‌ನಲ್ಲಿ ಬೆಳಗಿನ ಜಾವ 'ಕೋಳಿ' ಎಂಬ ಮೀನುಗಾರ ಸಮುದಾಯದ ಹೆಂಗಸರು ಮೀನು ಹರಾಜು ಕೂಗುತ್ತಾರೆ.

ಪುಣೆಯ ಆಸ್ಪತ್ರೆಯನ್ನು ಮಹಾರಾಷ್ಟ್ರ ಸರ್ಕಾರ ನಡೆಸುತ್ತಿದೆ, ಬಿ.ಜೆ. ವೈದ್ಯಕೀಯ ಕಾಲೇಜು ಅದಕ್ಕೆ ಹೊಂದಿಕೊಂಡಿದೆ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಹೋದವರು ಪುಣೆ ನಿಲ್ದಾಣದಲ್ಲಿ ಇಳಿದರೆ ಅದು ಹತ್ತಿರವೇ ಇದೆ. ಅಲ್ಲಿಂದ ಕ್ಯಾಂಪ್ ಕಡೆಗೆ ಸ್ವಲ್ಪ ದೂರ ಹೋದರೆ ಲಾಲ್ ದೇವಳದ ಗೋಪುರ ಕಾಣುತ್ತದೆ. ಅದರ ಆವರಣದಲ್ಲಿ ಡೇವಿಡ್ ಸಸೂನರ ಸಮಾಧಿಯಿದೆ, ಬಾಗ್ದಾದಿಗೆ ಮರಳದ ಮನುಷ್ಯನದು.